ಗಾಡ್ ಆಫ್ ವಾರ್: ಕಿತ್ತು ಬಿಸಾಡಲು ಆಗದ ಕಟ್‌ಸೀನ್

ಈ ಗೇಮ್ ಹಳೇದಾಯ್ತಲ್ಲ, ಈಗ ಯಾಕೆ ವಿಮರ್ಶೆ ಅಂತ ಕೇಳಬೇಡಿ. 2018ರ ಏಪ್ರಿಲ್‌ನಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 4ಗೆ, ಅಂದರೆ ಪಿಎಸ್4ಗೆ ಬಂತು, 2022ರ ಜನವರಿಯಲ್ಲಿ ಪಿಸಿಗೆ ಬಂತು, ಈಗ ಸೇಲ್ ಬಂದಾಗಲೆಲ್ಲ ಬೆಲೆ ಇಳಿಯುತ್ತದೆ. ಹಾಗಾಗಿ ತಗೊಳ್ಳಬೇಕೋ ಬೇಡವೋ ಅಂತ ಯೋಚಿಸುತ್ತಿರುವವರು ಇನ್ನೂ ಇದ್ದಾರೆ. ಎಸೆದ ಕೊಡಲಿ ಗಾಳಿ ಸೀಳಿಕೊಂಡು ವಾಪಸ್ ಬಂದು ಕೈಗೆ ಬಡಿಯುವ ಆ ಮಜಾ ಬಗ್ಗೆ ಎಲ್ಲರೂ ಬರೆದಾಗಿದೆ. ಅದು ನಿಜಕ್ಕೂ ಚೆನ್ನಾಗಿದೆ, ಅಲ್ಲಿಗೇ ಬಿಡೋಣ. ನನಗೆ ಮಾತಾಡಬೇಕಿರುವುದು ಇದರ ಕಟ್‌ಸೀನ್‌ಗಳ ಬಗ್ಗೆ. ಅಂದರೆ ಕಂಟ್ರೋಲರ್ ತೊಡೆ ಮೇಲಿಟ್ಟು ಸುಮ್ನೆ ನೋಡುತ್ತಾ ಕೂರಬೇಕಾದ ಸಿನಿಮಾ ತುಣುಕುಗಳ ಬಗ್ಗೆ. ಈ ಗೇಮ್‌ನಲ್ಲಿ ಅವು ಎಲ್ಲಿ ಶುರುವಾಗುತ್ತವೆ, ಎಲ್ಲಿ ಮುಗಿಯುತ್ತವೆ ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಇದರ ದೊಡ್ಡ ಸಾಧನೆ ಅದೇ. ನನಗೆ ಕಿರಿಕಿರಿ ಮಾಡಿದ್ದೂ ಅದೇ.

ಕಥೆಯ ಒಂದೆರಡು ಗುಟ್ಟು ಬಿಟ್ಟುಕೊಡುತ್ತೇನೆ. ಕೊನೆ ಮಾತ್ರ ಹೇಳುವುದಿಲ್ಲ.

ಮೊದಲು ಒಂದು ಹಳೇ ವಿಷಯ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಗೇಮ್ ಆಡಿ ಬೆಳೆದವರಿಗೆ ರಿಪ್ ಸಿಡಿಗಳು ನೆನಪಿರಬಹುದು. ಕಳ್ಳ ಕಾಪಿ, ಅದರಲ್ಲಿ ಅನುಮಾನ ಬೇಡ. ದೊಡ್ಡ ಗೇಮ್ ಒಂದನ್ನು ಒಂದೇ ಸಿಡಿಗೆ ತುರುಕಬೇಕು ಅಂದರೆ ಏನಾದರೂ ಕಿತ್ತು ಹಾಕಬೇಕಲ್ಲ, ಮೊದಲು ಕಿತ್ತು ಹಾಕುತ್ತಿದ್ದದ್ದು ವಿಡಿಯೋ ಫೈಲುಗಳನ್ನು. ಒಂದು ಲೆವೆಲ್ ಮುಗಿದ ತಕ್ಷಣ ತೆರೆ ಒಂದು ಕ್ಷಣ ಕಪ್ಪಾಗುತ್ತಿತ್ತು, ಆಮೇಲೆ ನೇರ ಮುಂದಿನ ಲೆವೆಲ್. ಹೀರೋ ಯಾಕೆ ಜೈಲಿನಲ್ಲಿದ್ದಾನೆ, ಜೊತೆಯಲ್ಲಿದ್ದವಳು ಎಲ್ಲಿ ಹೋದಳು, ನಿನ್ನೆವರೆಗೆ ಸ್ನೇಹಿತನಾಗಿದ್ದವನು ಇವತ್ತು ಯಾಕೆ ಗುಂಡು ಹಾರಿಸುತ್ತಿದ್ದಾನೆ, ಒಂದೂ ಗೊತ್ತಾಗುತ್ತಿರಲಿಲ್ಲ. ಆದರೂ ಆಡುತ್ತಿದ್ದೆವು, ಮಜಾನೂ ಬರುತ್ತಿತ್ತು. ಎಷ್ಟೋ ಗೇಮ್‌ಗಳ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತಾಗಿದ್ದು ಯೂಟ್ಯೂಬ್ ಬಂದ ಮೇಲೆ. ಅಂದರೆ ಆ ಕಾಲದ ಕಟ್‌ಸೀನ್ ಆಟದ ಪಕ್ಕದಲ್ಲಿ ಇಟ್ಟ ಬೇರೆಯೇ ವಸ್ತು. ತೆಗೆದು ಹಾಕಿದರೂ ಆಟ ನಿಲ್ಲುತ್ತಿರಲಿಲ್ಲ.

ಕಟ್‌ಸೀನ್ ಹುಟ್ಟಿದ್ದೇ ಹಾಗೆ. 1980ರ ಪ್ಯಾಕ್‌ಮ್ಯಾನ್‌ನಲ್ಲಿ ಕೆಲವು ಲೆವೆಲ್ ಮುಗಿದ ಮೇಲೆ ಒಂದು ಪುಟ್ಟ ತಮಾಷೆ ಬರುತ್ತದೆ. ಭೂತ ಪ್ಯಾಕ್‌ಮ್ಯಾನ್‌ನನ್ನು ಅಟ್ಟಿಸಿಕೊಂಡು ಹೋಗುತ್ತದೆ, ಆಮೇಲೆ ದೈತ್ಯ ಗಾತ್ರದ ಪ್ಯಾಕ್‌ಮ್ಯಾನ್ ಆ ಭೂತವನ್ನೇ ಅಟ್ಟಿಸಿಕೊಂಡು ಬರುತ್ತಾನೆ. ಅಷ್ಟೇ. ಬೆರಳಿಗೆ ಒಂಚೂರು ಬಿಡುವು. ಆಮೇಲೆ ಸಿಡಿ ಬಂದು ಜಾಗ ಹೆಚ್ಚಾದಾಗ ಎಲ್ಲರಿಗೂ ಸಿನಿಮಾ ಮಾಡುವ ಹುಚ್ಚು ಹಿಡಿಯಿತು. 1994ರ ವಿಂಗ್ ಕಮಾಂಡರ್ 3ರಲ್ಲಿ ಮಾರ್ಕ್ ಹ್ಯಾಮಿಲ್‌ರಂಥ ನಿಜವಾದ ನಟರನ್ನೇ ಕರೆಸಿ ಶೂಟ್ ಮಾಡಿದರು, ಗೇಮ್ ನಾಲ್ಕು ಸಿಡಿ ತುಂಬಿಕೊಂಡಿತು. 1997ರ ಫೈನಲ್ ಫ್ಯಾಂಟಸಿ 7 ಮೂರು ಸಿಡಿ. ಅದರಲ್ಲಿ ನಡೆದಾಡುವಾಗ ಪಾತ್ರಗಳಿಗೆ ಬೆರಳೂ ಇರಲಿಲ್ಲ, ಕೆಲವು ವಿಡಿಯೋಗಳಲ್ಲಿ ಮಾತ್ರ ಕೂದಲು, ಕಣ್ಣು, ಬಟ್ಟೆ ಎಲ್ಲಾ ನೀಟಾಗಿ ಬರುತ್ತಿತ್ತು. ಆಗ ಕಟ್‌ಸೀನ್ ಅಂದರೆ ಬಹುಮಾನ. ಗಂಟೆಗಟ್ಟಲೆ ಆಡಿ ಬಾಸ್‌ನನ್ನು, ಅಂದರೆ ದೊಡ್ಡ ಎದುರಾಳಿಯನ್ನು ಹೊಡೆದರೆ ಒಂದು ನಿಮಿಷ ಚಂದದ ಚಿತ್ರ ನೋಡಲು ಸಿಗುತ್ತದೆ, ತಗೋ ಅಂತ.

1998ರಲ್ಲಿ ದಾರಿ ಎರಡಾಯಿತು. ಮೆಟಲ್ ಗೇರ್ ಸಾಲಿಡ್ ಆಟದ ಎಂಜಿನ್‌ನಲ್ಲೇ, ಅಂದರೆ ಆಟವನ್ನು ನಡೆಸುವ ಸಾಫ್ಟ್‌ವೇರ್‌ನಲ್ಲೇ ಕಟ್‌ಸೀನ್ ಮಾಡಿತು, ಹಾಗಾಗಿ ನಾವು ಆಡುವ ಹೀರೋ ಸ್ನೇಕ್ ಮತ್ತು ಸಿನಿಮಾದ ಸ್ನೇಕ್ ನೋಡಲು ಒಂದೇ. ಅದೇ ವರ್ಷ ಬಂದ ಹಾಫ್-ಲೈಫ್ ಕ್ಯಾಮೆರಾವನ್ನು ಹೀರೋನ ಕಣ್ಣಿನಿಂದ ಆಚೆಗೆ ತೆಗೆಯಲೇ ಇಲ್ಲ. ಟ್ರಾಮ್‌ನಲ್ಲಿ ಕೆಲಸಕ್ಕೆ ಹೋಗುವಾಗಲೂ ಬೇಕಾದ ಕಡೆ ತಿರುಗಿ ನೋಡಬಹುದು. ಮೊದಲ ದಾರಿ ಹಿಡಿದವರು ಎಲ್ಲಿಗೆ ಮುಟ್ಟಿದರು ಅಂದರೆ 2008ರ ಮೆಟಲ್ ಗೇರ್ ಸಾಲಿಡ್ 4ರ ಕೊನೆಯ ಕಟ್‌ಸೀನ್ ಸರಣಿ 71 ನಿಮಿಷ, ಗಿನ್ನೆಸ್ ದಾಖಲೆ. ನಡುವೆ ಇನ್ನೊಂದು ಪೀಡೆ ಬಂತು. ಕಟ್‌ಸೀನ್ ನೋಡುತ್ತಿರುವಾಗಲೇ ದಿಢೀರನೆ ಬಟನ್ ಚಿತ್ರ ಮೂಡುತ್ತದೆ, ಒತ್ತದಿದ್ದರೆ ಸಾವು. 2005ರ ರೆಸಿಡೆಂಟ್ ಈವಿಲ್ 4ರ ಚಾಕು ಕಾಳಗ ಆಡಿದವರಿಗೆ ಗೊತ್ತು. ಟೀ ಲೋಟ ಕೈಗೆ ತಗೊಂಡ ಕ್ಷಣಕ್ಕೇ ಆ ಬಟನ್ ಬರುತ್ತದೆ.

ಅದೇ 2005ರಲ್ಲಿ ಬಂದ ಮೊದಲ ಗಾಡ್ ಆಫ್ ವಾರ್ ಈ ಎಲ್ಲವನ್ನೂ ಒಟ್ಟಿಗೆ ಹೊತ್ತಿತ್ತು. ಮೊದಲೇ ತಯಾರಿಸಿದ ವಿಡಿಯೋ ಬೇರೆ, ಆಟ ಬೇರೆ, ದೊಡ್ಡ ರಾಕ್ಷಸನನ್ನು ಮುಗಿಸಲು ಬಟನ್ ಕುಟ್ಟುವುದು ಬೇರೆ. ಹಾಗಾಗಿ 2018ರಲ್ಲಿ ಅದೇ ಸಾಂಟಾ ಮೋನಿಕಾ ಸ್ಟುಡಿಯೋ, ಕೋರಿ ಬಾರ್ಲಾಗ್ ನಿರ್ದೇಶನದಲ್ಲಿ, ಇಡೀ ಗೇಮ್ ಅನ್ನು ಒಂದೇ ಶಾಟ್‌ನಲ್ಲಿ ತೋರಿಸುತ್ತೇವೆ ಅಂತ ಹೊರಟಿದ್ದು ಸಣ್ಣ ಮಾತಲ್ಲ. ಸುಮಾರು 20 ಗಂಟೆಯ ಕಥೆ. ಕ್ಯಾಮೆರಾ ಗೇಮ್‌ನ ಹೀರೋ ಕ್ರೇಟೋಸ್‌ನ ಹೆಗಲ ಹಿಂದೆ ಇರುತ್ತದೆ, ಮಾತುಕತೆ ಬಂದಾಗ ಮುಂದಕ್ಕೆ ಜಾರುತ್ತದೆ, ಮುಗಿದ ಮೇಲೆ ಮತ್ತೆ ಹೆಗಲ ಹಿಂದಕ್ಕೆ ಬರುತ್ತದೆ. ಕಟ್ ಇಲ್ಲ. ನೀವು ಸತ್ತರೆ, ಮೆನು ತೆರೆದರೆ ಮಾತ್ರ ಆ ದಾರ ತುಂಡಾಗುತ್ತದೆ. ನನ್ನಂಥವರು ಆಡಿದರೆ ಜಾಸ್ತಿಯೇ ತುಂಡಾಗುತ್ತದೆ, ಬಿಡಿ.

ಈ ಒಂದೇ ಶಾಟ್ ಅನ್ನುವುದಕ್ಕೆ ಸಿಕ್ಕಷ್ಟು ಹೊಗಳಿಕೆ ಸ್ವಲ್ಪ ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಅರ್ಧ ಗಂಟೆ ಆಡಿದ ಮೇಲೆ ಕಟ್ ಇಲ್ಲ ಅನ್ನುವುದು ಮರೆತೇ ಹೋಗುತ್ತದೆ. ಕಟ್ ಇಲ್ಲದಿರುವುದರಿಂದ ಏನು ಸಾಧ್ಯವಾಯಿತು ಅನ್ನುವುದೇ ಮುಖ್ಯ.

ಶುರುವಿನಲ್ಲೇ ಒಂದು ಜಿಂಕೆ ಬೇಟೆ ಇದೆ. ಕ್ರೇಟೋಸ್‌ನ ಹೆಂಡತಿ ತೀರಿಕೊಂಡಿದ್ದಾಳೆ, ಅಪ್ಪ ಮಗ ಇಬ್ಬರೇ. ಮಗ ಏಟ್ರಿಯಸ್‌ಗೆ ಬೇಟೆ ಕಲಿಸಲು ಅಪ್ಪ ಕರೆದುಕೊಂಡು ಹೋಗುತ್ತಾನೆ. ಹುಡುಗ ಅವಸರಪಟ್ಟು ಬಾಣ ಬಿಟ್ಟು ಜಿಂಕೆ ತಪ್ಪಿಸಿಕೊಳ್ಳುತ್ತದೆ, ಅಪ್ಪ ಬೈದು ಬಿಲ್ಲು ಕಿತ್ತುಕೊಳ್ಳುತ್ತಾನೆ. ಕೊನೆಗೆ ಜಿಂಕೆ ಸಿಕ್ಕಿ ಅದನ್ನು ಚಾಕುವಿನಿಂದ ಮುಗಿಸಬೇಕಾಗಿ ಬಂದಾಗ ಹುಡುಗನ ಕೈ ನಡುಗುತ್ತದೆ. ಅಪ್ಪ ಅವನ ಕೈ ಹಿಡಿದು ಒತ್ತುತ್ತಾನೆ. ಆಮೇಲೆ ಬರುವ ಕ್ಷಣವನ್ನು ನೋಡಿ. ಬೆನ್ನು ಸವರಲು ಕ್ರೇಟೋಸ್‌ನ ದೊಡ್ಡ ಕೈ ಹುಡುಗನ ಹಿಂದೆ ಬರುತ್ತದೆ, ಮುಟ್ಟುವ ಮೊದಲೇ ಗಾಳಿಯಲ್ಲಿ ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ. ಹುಡುಗನಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ಮಾತಿಲ್ಲ, ಸಂಗೀತ ಏರುವುದಿಲ್ಲ, ಕೈಯ ಕ್ಲೋಸಪ್ ಕೂಡ ಇಲ್ಲ. ಮಾಮೂಲಿ ಕಟ್‌ಸೀನ್ ಆಗಿದ್ದರೆ ಮೊದಲು ಕೈ ತೋರಿಸಿ, ಆಮೇಲೆ ಅಪ್ಪನ ಮುಖ ತೋರಿಸಿ, ಆಮೇಲೆ ಹುಡುಗನ ಕಣ್ಣೀರು ತೋರಿಸಿ ನಮ್ಮ ಕೈಯಲ್ಲಿ ಅಳಿಸಿಯೇ ಬಿಡುತ್ತಿದ್ದರು. ಇಲ್ಲಿ ಗಮನಿಸಿದರೆ ಸಿಗುತ್ತದೆ, ಗಮನಿಸದಿದ್ದರೆ ಇಲ್ಲ. ಮರುಕ್ಷಣವೇ ಟ್ರೋಲ್ ಅನ್ನುವ ದೈತ್ಯ ರಾಕ್ಷಸ ಒಂದು ನುಗ್ಗಿ ಬಂದು ಆಟ ನಿಮ್ಮ ಕೈಗೆ ವಾಪಸ್ ಬರುತ್ತದೆ. ಆ ಟ್ರೋಲ್ ಜೊತೆ ಗುದ್ದಾಡುವಾಗಲೂ ತಲೆಯಲ್ಲಿ ಆ ಕೈಯೇ ಇರುತ್ತದೆ.

ಇಲ್ಲಿ ನಟರನ್ನೂ ಮೆಚ್ಚಬೇಕು. ಕ್ರೇಟೋಸ್ ಆಗಿ ಕ್ರಿಸ್ಟೋಫರ್ ಜಡ್ಜ್, ಏಟ್ರಿಯಸ್ ಆಗಿ ಸನ್ನಿ ಸುಲ್ಜಿಕ್. ಸಿನಿಮಾದಲ್ಲಾದರೆ ಒಂದು ಟೇಕ್‌ನ ಅರ್ಧ, ಇನ್ನೊಂದು ಟೇಕ್‌ನ ಅರ್ಧ ಸೇರಿಸಿ ಎಡಿಟಿಂಗ್ ಟೇಬಲ್ ಮೇಲೆ ದೃಶ್ಯ ಉಳಿಸಿಕೊಳ್ಳಬಹುದು. ಕ್ಯಾಮೆರಾ ಕಟ್ ಆಗದ ಕಡೆ ಆ ಆಟ ನಡೆಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ ನನಗೆ ಬಹಳ ಇಷ್ಟ. ನೀವು ತೊಡಿಸಿದ ರಕ್ಷಾಕವಚವೇ ಕಟ್‌ಸೀನ್‌ನಲ್ಲೂ ಕ್ರೇಟೋಸ್‌ನ ಮೈಮೇಲೆ ಇರುತ್ತದೆ. ಮೊದಲೇ ತಯಾರಾದ ವಿಡಿಯೋಗಳ ಕಾಲದಲ್ಲಿ ಇದು ಆಗುತ್ತಿರಲಿಲ್ಲ. ಅಷ್ಟೆಲ್ಲಾ ದುಡ್ಡು ಸುರಿದು ಒಳ್ಳೆ ಕವಚ ತೊಡಿಸಿದರೂ ವಿಡಿಯೋ ಬಂದಾಗ ಹೀರೋ ಮತ್ತೆ ಮೊದಲ ದಿನದ ಬಟ್ಟೆಯಲ್ಲಿ ಹಾಜರ್. ಇಲ್ಲಿ ಕಥೆಯ ಕ್ರೇಟೋಸ್ ಮತ್ತು ನೀವು ಆಡಿಸುವ ಕ್ರೇಟೋಸ್ ಒಬ್ಬನೇ. ಹಾಗಾಗಿ ಇಲ್ಲಿ ಕಿತ್ತು ಬಿಸಾಡಲು ಬೇರೆ ವಿಡಿಯೋ ಫೈಲ್ ಅಂತ ಇಲ್ಲ. ಹಳೇ ರಿಪ್ ಸಿಡಿ ಮಾಡುತ್ತಿದ್ದವರಿಗೆ ಇದನ್ನು ಕೊಟ್ಟಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು.

ಶುರುವಿನಲ್ಲಿ ಮನೆ ಬಾಗಿಲಿಗೆ ಬಂದು ತಟ್ಟುವ ಒಬ್ಬ ಅಪರಿಚಿತನ ಜೊತೆಗಿನ ಕಾಳಗದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೈಮೇಲೆ ಹಚ್ಚೆ ಹಾಕಿಕೊಂಡ ಸಣಕಲು ಮನುಷ್ಯ. ಕ್ರೇಟೋಸ್ ಮುಂದೆ ಅವನ ಲೆಕ್ಕ ಏನು ಅಂದುಕೊಳ್ಳುತ್ತೀರಿ, ಆದರೆ ಅವನ ಒಂದು ಗುದ್ದಿಗೆ ಕ್ರೇಟೋಸ್‌ನೇ ಮನೆಯ ಚಾವಣಿ ಮೇಲಿಂದ ಹಾರಿ ಬೀಳುತ್ತಾನೆ. ಅಲ್ಲಿಂದ ಸ್ವಲ್ಪ ಹೊತ್ತು ನೀವು ಹೊಡೆಯುತ್ತೀರಿ, ಸ್ವಲ್ಪ ಹೊತ್ತು ಗೇಮ್ ತಾನೇ ಹೊಡೆಯುತ್ತದೆ. ಯಾವ ಏಟು ನಿಮ್ಮದು, ಯಾವುದು ಅದರದ್ದು ಅನ್ನುವುದು ಕಲಸಿಹೋಗುತ್ತದೆ. ಮರ ಮುರಿಯುತ್ತದೆ, ನೆಲ ಬಿರಿಯುತ್ತದೆ, ಕ್ಯಾಮೆರಾ ಮಾತ್ರ ಒಮ್ಮೆಯೂ ದೂರ ಓಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಗೇಮ್‌ನ ಅತ್ಯುತ್ತಮ ಕಾಳಗ ಇದೇ, ಮತ್ತು ಇದು ಬರುವುದು ಶುರುವಿನಲ್ಲೇ. ಮುಂದಿನ ಬಾಸ್‌ಗಳಲ್ಲಿ ಹಲವು ಅದೇ ಟ್ರೋಲ್‌ನ ಬಣ್ಣ ಬದಲಾಯಿಸಿದ ಅಣ್ಣತಮ್ಮಂದಿರು. ಅದು ಬೇಜಾರಿನ ವಿಷಯ.

ದೋಣಿಯ ಬಗ್ಗೆ ಹೇಳದೆ ಹೋದರೆ ಆಗುವುದಿಲ್ಲ. ಲೇಕ್ ಆಫ್ ನೈನ್ ಅನ್ನುವ ಸರೋವರದಲ್ಲಿ ಸುಮಾರು ಹೊತ್ತು ಹುಟ್ಟು ಹಾಕುತ್ತಾ ಇರುತ್ತೀರಿ. ಮೊದಮೊದಲು ಹುಡುಗ ಕಥೆ ಹೇಳು ಅಂತ ಅಪ್ಪನನ್ನು ಪೀಡಿಸುತ್ತಾನೆ. ಕ್ರೇಟೋಸ್ ಹೇಳುವ ಮೊಲ ಆಮೆ ಕಥೆ ಕೇಳಬೇಕು ನೀವು. ಎರಡು ಮೂರು ವಾಕ್ಯ, ಮುಖದಲ್ಲಿ ಭಾವವೇ ಇಲ್ಲ, ಪೊಲೀಸ್ ಪಂಚನಾಮೆ ಓದಿದ ಹಾಗೆ. ಹುಡುಗ ಪೆಚ್ಚಾಗುತ್ತಾನೆ. ಆಮೇಲೆ ಮಿಮಿರ್ ಜೊತೆಯಾಗುತ್ತಾನೆ. ಅವನು ಬರೀ ತಲೆ, ಕ್ರೇಟೋಸ್‌ನ ಸೊಂಟಕ್ಕೆ ನೇತು ಹಾಕಿಕೊಂಡದ್ದು. ಸ್ಕಾಟ್ಲೆಂಡ್ ಧಾಟಿಯ ಇಂಗ್ಲಿಷ್‌ನಲ್ಲಿ ಉತ್ತರ ಯುರೋಪಿನ ನಾರ್ಸ್ ಪುರಾಣದ ಓಡಿನ್, ಥಾರ್, ದೈತ್ಯರ ಕಥೆಗಳನ್ನು ಉದ್ದುದ್ದ ಹೇಳುತ್ತಾನೆ. ಕಥೆ ಅರ್ಧಕ್ಕೆ ಬಂದಾಗ ನೀವು ದೋಣಿ ದಡಕ್ಕೆ ಕಟ್ಟಿದರೆ ಅವನು ಉಳಿದದ್ದು ಆಮೇಲೆ ಹೇಳುತ್ತೇನೆ ಅಂತ ನಿಲ್ಲಿಸುತ್ತಾನೆ. ದಡದಲ್ಲಿ ಕಾದಾಡಿ, ಪೆಟ್ಟಿಗೆ ಒಡೆದು, ಮತ್ತೆ ದೋಣಿ ಹತ್ತಿದ ತಕ್ಷಣ ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದ ಶುರು. ಕಥೆ ಮುಗಿಯಲಿ ಅಂತ ದಡದ ಪಕ್ಕದಲ್ಲೇ ದೋಣಿಯನ್ನು ಸುತ್ತು ಹಾಕಿಸಿದ್ದೇನೆ, ಈ ಗೇಮ್ ಆಡಿದ ಬಹುತೇಕರು ಹಾಗೆ ಮಾಡಿರುತ್ತಾರೆ. ಹಿಂದೆ ಇಂಥ ಪುರಾಣವನ್ನೆಲ್ಲ ಕಟ್‌ಸೀನ್‌ನಲ್ಲಿ ತುರುಕುತ್ತಿದ್ದರು, ನಾವು ಸ್ಕಿಪ್ ಒತ್ತುತ್ತಿದ್ದೆವು. ಕೈಗೆ ಹುಟ್ಟು ಕೊಟ್ಟು ಕಿವಿಗೆ ಕಥೆ ಕೊಟ್ಟರೆ ಯಾರೂ ಸ್ಕಿಪ್ ಹುಡುಕುವುದಿಲ್ಲ.

ಆದರೆ ಹುಟ್ಟು ಹಾಕುತ್ತಾ ಸಬ್‌ಟೈಟಲ್ ಓದುವುದು ಸುಲಭವಲ್ಲ. ಕನ್ನಡ ಸಬ್‌ಟೈಟಲ್ ಇಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಮಿಮಿರ್‌ನ ಧಾಟಿ ಕಿವಿಗೆ ಹತ್ತಲು ಸಮಯ ಬೇಕು. ಪಿಎಸ್4ನಲ್ಲಿ ಬಂದಾಗ ಅಕ್ಷರ ಎಷ್ಟು ಚಿಕ್ಕದಿತ್ತು ಅಂದರೆ ಸೋಫಾ ಬಿಟ್ಟು ಟಿವಿ ಮುಂದೆ ನೆಲದ ಮೇಲೆ ಕೂರಬೇಕಿತ್ತು. ಆಮೇಲೆ ಅಪ್‌ಡೇಟ್ ಕೊಟ್ಟು ದೊಡ್ಡದು ಮಾಡಿದರು.

ಕಥೆಯನ್ನು ಬಟನ್‌ನಲ್ಲೇ ಹೇಳುವ ಜಾಗಗಳೂ ಇವೆ. ಹುಡುಗನಿಗೆ ಬಾಣ ಬಿಡು ಅನ್ನಲು ಒಂದು ಬಟನ್ ಇದೆ. ಗಂಟೆಗಟ್ಟಲೆ ಒತ್ತಿ ಒತ್ತಿ ಬೆರಳಿಗೆ ರೂಢಿಯಾಗಿಬಿಡುತ್ತದೆ. ನಡುವೆ ಒಂದು ಕಡೆ ಹುಡುಗ ಕಾಯಿಲೆ ಬಿದ್ದು ಅಪ್ಪ ಒಬ್ಬನೇ ಹೋಗಬೇಕಾಗುತ್ತದೆ. ಕಾದಾಡುವಾಗ ಬೆರಳು ತಾನಾಗಿಯೇ ಆ ಬಟನ್ ಒತ್ತುತ್ತದೆ, ಬಾಣ ಬರುವುದಿಲ್ಲ. ಅವನು ಜೊತೆಯಲ್ಲಿಲ್ಲ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ವಾಪಸ್ ಬಂದ ಮೇಲೆ ತಾನು ಯಾರು ಅಂತ ತಿಳಿದು ಹುಡುಗನ ತಲೆಗೆ ಮದ ಏರುತ್ತದೆ, ಎದುರು ಮಾತಾಡುತ್ತಾನೆ, ತನಗೆ ತೋಚಿದ್ದನ್ನು ಮಾಡುತ್ತಾನೆ. ಇದನ್ನೂ ಕಾಳಗದ ಮಧ್ಯೆಯೇ ಅನುಭವಿಸುತ್ತೀರಿ. ಎಷ್ಟೇ ಚೆನ್ನಾಗಿ ಶೂಟ್ ಮಾಡಿದ ಕಟ್‌ಸೀನ್ ಆದರೂ ಈ ಕೆಲಸ ಅದರ ಕೈಯಲ್ಲಿ ಆಗುವುದಿಲ್ಲ.

ಇನ್ನು ತಕರಾರು. ಕಟ್ ಇಲ್ಲ ಅಂದರೆ ಲೋಡಿಂಗ್ ಸ್ಕ್ರೀನ್ ತೋರಿಸುವ ಹಾಗಿಲ್ಲ. ಆದರೆ ಲೋಡ್ ಆಗಲೇಬೇಕಲ್ಲ, ಅದನ್ನು ಎಲ್ಲಿ ಬಚ್ಚಿಟ್ಟರು? ಬಂಡೆಯ ಸಂದಿಯಲ್ಲಿ ಇಬ್ಬರೂ ಅಡ್ಡಡ್ಡ ನುಸುಳಿಕೊಂಡು ಹೋಗುವುದರಲ್ಲಿ. ಕ್ರೇಟೋಸ್ ಉಸಿರು ಬಿಗಿ ಹಿಡಿದು ಕಲ್ಲಿನ ಬಾಗಿಲು ಮೇಲೆತ್ತುವುದರಲ್ಲಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇಗ ಹೋಗಬೇಕೆಂದು ಮಾಯಾದ್ವಾರ ಹೊಕ್ಕರೆ ಆಚೆ ಬಾಗಿಲು ಮೂಡುವವರೆಗೂ ವಿಶ್ವವೃಕ್ಷದ ಕೊಂಬೆ ಮೇಲೆ ನಡೆಯುತ್ತಲೇ ಇರಬೇಕು. ಮೊದಲು ಸಂಭ್ರಮ, ಆಮೇಲೆ ಮಾಮೂಲಿ, ಕೊನೆಗೆ ಫೋನ್ ನೋಡುತ್ತೀರಿ. ಪಿಎಸ್4ನ ಹಳೇ ಹಾರ್ಡ್ ಡಿಸ್ಕ್‌ಗೆ ಇದು ಬೇಕಿತ್ತು, ಒಪ್ಪುತ್ತೇನೆ. ಪಿಸಿಯಲ್ಲಿ ಒಳ್ಳೆ ಎಸ್‌ಎಸ್‌ಡಿ ಹಾಕಿಕೊಂಡವರೂ ಅದೇ ಸಂದಿಯಲ್ಲಿ ಅಷ್ಟೇ ಹೊತ್ತು ನುಸುಳಬೇಕು. ಅದು ಈಗ ಗೇಮ್‌ನ ಮೈಯಲ್ಲೇ ಸೇರಿಹೋಗಿದೆ, ತೆಗೆಯಲು ಬರುವುದಿಲ್ಲ.

ಕಟ್‌ಸೀನ್ ಸ್ಕಿಪ್ ಮಾಡುವ ವಿಷಯವೂ ಹಾಗೆಯೇ. ಮೊದಲ ಸಲ ಆಡುವಾಗ ಸ್ಕಿಪ್ ಇಲ್ಲವೇ ಇಲ್ಲ. ಒಮ್ಮೆ ಮುಗಿಸಿ ನ್ಯೂ ಗೇಮ್ ಪ್ಲಸ್, ಅಂದರೆ ಗಳಿಸಿದ್ದನ್ನು ಇಟ್ಟುಕೊಂಡು ಮತ್ತೆ ಮೊದಲಿಂದ ಆಡುವ ಆಟ, ಶುರು ಮಾಡಿದರೆ ಮಾತ್ರ ಇದೆ, ಅದೂ ಗೇಮ್ ಬಂದು ಕೆಲವು ತಿಂಗಳ ಮೇಲೆ ಸೇರಿಸಿದ್ದು. ಮೊದಲ ಸಲ ಎಲ್ಲವನ್ನೂ ನೋಡಲಿ ಅನ್ನುವ ಆಸೆ ಅವರದ್ದು, ಅದು ಅರ್ಥವಾಗುತ್ತದೆ. ಆದರೆ ಹಾರ್ಡ್ ಡಿಸ್ಕ್ ಕೆಟ್ಟು ಸೇವ್ ಕಳೆದುಕೊಂಡವನು, ಪಿಎಸ್4ನಲ್ಲಿ ಮುಗಿಸಿ ಈಗ ಪಿಸಿಯಲ್ಲಿ ಶುರು ಮಾಡುವವನು, ಇವರೆಲ್ಲ ಮತ್ತೆ ಪೂರ್ತಿ ನೋಡಲೇಬೇಕಾ? ಶುರುವಿನ ಚಿತೆಯ ದೃಶ್ಯ, ಕಾಡಿನ ನಡಿಗೆ, ಅಪ್ಪನ ಬೈಗುಳ ಎಲ್ಲಾ ಬಾಯಿಪಾಠ ಆಗಿರುವವನಿಗೆ ಅದು ಶಿಕ್ಷೆ. ದುಡ್ಡು ಕೊಟ್ಟು ತಗೊಂಡವನಿಗೆ ಸ್ಕಿಪ್ ಬಟನ್ ಕೊಡುವುದರಿಂದ ಯಾವ ಕಲೆಯೂ ಹಾಳಾಗುವುದಿಲ್ಲ.

ಹಾಗಂತ ಎಲ್ಲಾ ಗೇಮ್‌ಗಳೂ ಈಗ ಇದೇ ದಾರಿ ಹಿಡಿದಿವೆ ಅಂದುಕೊಳ್ಳಬೇಡಿ. 2019ರ ಡೆತ್ ಸ್ಟ್ರ್ಯಾಂಡಿಂಗ್ ಮತ್ತೆ ಉದ್ದುದ್ದ ಸಿನಿಮಾ ತೋರಿಸುತ್ತದೆ, ಕೂತು ನೋಡುವ ತಾಳ್ಮೆ ಇದ್ದರೆ ಸೊಗಸಾಗಿಯೇ ಇದೆ. 2023ರ ಬಾಲ್ಡರ್ಸ್ ಗೇಟ್ 3 ಬೇರೆಯೇ ಹುಚ್ಚು. ಒಟ್ಟು 174 ಗಂಟೆಗೂ ಜಾಸ್ತಿ ಕಟ್‌ಸೀನ್ ಮಾಡಿದ್ದೇವೆ ಅಂತ ಅದನ್ನು ಮಾಡಿದವರೇ ಹೇಳಿಕೊಂಡರು. ಆದರೆ ನೀವು ಯಾರ ಜೊತೆ ಏನು ಮಾತಾಡುತ್ತೀರಿ ಅನ್ನುವುದರ ಮೇಲೆ ದೃಶ್ಯ ಬದಲಾಗುವುದರಿಂದ ಒಬ್ಬರು ನೋಡುವುದು ಅದರಲ್ಲಿ ಒಂದು ಪಾಲು ಮಾತ್ರ. ನನ್ನ ಸ್ನೇಹಿತನ ಆಟದಲ್ಲಿ ಸತ್ತ ಪಾತ್ರ ನನ್ನ ಆಟದಲ್ಲಿ ಕೊನೆವರೆಗೂ ಜೊತೆಗಿತ್ತು. ಅಂಥ ಕಡೆ ಕಟ್‌ಸೀನ್ ನನ್ನದು ಅನ್ನಿಸುತ್ತದೆ. ಗಾಡ್ ಆಫ್ ವಾರ್‌ನಲ್ಲಿ ಹಾಗಿಲ್ಲ. ಎಷ್ಟೇ ಹೆಗಲ ಹತ್ತಿರ ಇದ್ದರೂ ಅದು ಬಾರ್ಲಾಗ್ ಹೇಳುವ ಕಥೆ, ಅವರು ಕರೆದ ಕಡೆಗೇ ನೀವು ಹೋಗಬೇಕು. ನನಗೆ ಅದರಲ್ಲಿ ಬೇಸರವಿಲ್ಲ. ಕಥೆ ಹೇಳುವವನು ಗಟ್ಟಿಗನಾಗಿದ್ದರೆ ಕೇಳಲು ಏನು ಕಷ್ಟ?

2022ರಲ್ಲಿ ಬಂದ ಮುಂದಿನ ಭಾಗ ರ‍್ಯಾಗ್ನರಾಕ್‌ನಲ್ಲೂ ಒಂದೇ ಶಾಟ್ ಇದೆ. ಕಥೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಒಗಟಿನ ಮುಂದೆ ನಿಂತು ಎರಡು ಕ್ಷಣ ಯೋಚಿಸೋಣ ಅಂದರೆ ಪಕ್ಕದವರು ಅಲ್ಲಿ ನೋಡು, ಇದನ್ನು ಮಾಡು ಅಂತ ಉತ್ತರ ಒದರಿಬಿಡುತ್ತಾರೆ. ಮಾತು ಆಟದೊಳಗೆ ಬಂದರೆ ಚಂದ ಅಂತ ಮೇಲೆ ಹೊಗಳಿದೆನಲ್ಲ, ಅದು ಅತಿಯಾದರೆ ಹೀಗಾಗುತ್ತದೆ.

ಕೊಳ್ಳುವ ವಿಚಾರ. 2018ರದ್ದನ್ನು ಮೊದಲು ಆಡಿ, ಇಷ್ಟವಾದರೆ ರ‍್ಯಾಗ್ನರಾಕ್. ಹಳೇ ಭಾಗಗಳನ್ನು ಆಡಿರಬೇಕು ಅಂತೇನಿಲ್ಲ, ಕ್ರೇಟೋಸ್ ಗ್ರೀಸ್‌ನಲ್ಲಿ ಏನು ಮಾಡಿ ಬಂದ ಅಂತ ಒಂದು ಪುಟ ಓದಿಕೊಂಡರೆ ಸಾಕು. ಓದಿಕೊಂಡಿದ್ದರೆ ಒಂದು ಕಡೆ, ಬಿರುಗಾಳಿಯಲ್ಲಿ ಅವನು ದೋಣಿಯಲ್ಲಿ ಒಬ್ಬನೇ ಮನೆಗೆ ಬಂದು ನೆಲದಡಿಯಿಂದ ಹಳೇ ಆಯುಧ ಹೊರತೆಗೆಯುವಾಗ, ಮೈ ಜುಂ ಅನ್ನುತ್ತದೆ. ಪಿಸಿಯಲ್ಲಿ 70 ಜಿಬಿ ಜಾಗ ಬೇಕು, 8 ಜಿಬಿ ರ‍್ಯಾಮ್, ಕನಿಷ್ಠ ಜಿಟಿಎಕ್ಸ್ 960 ಗ್ರಾಫಿಕ್ಸ್ ಕಾರ್ಡ್. 1060 ಇದ್ದರೆ ಆರಾಮ. ಕೀಬೋರ್ಡ್‌ನಲ್ಲಿ ಆಡಬಹುದು, ಆದರೆ ಕಂಟ್ರೋಲರ್ ಇದ್ದರೆ ಅದರಲ್ಲೇ ಆಡಿ, ಕೊಡಲಿ ಕೈಗೆ ಬಂದಾಗ ಅದು ನಡುಗುವುದರಲ್ಲಿ ಅರ್ಧ ಸುಖ ಇದೆ. ಪೂರ್ತಿ ಬೆಲೆ ಕೊಡಬೇಡಿ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ವಿಶ್‌ಲಿಸ್ಟ್‌ಗೆ ಹಾಕಿಟ್ಟು ಮುಂದಿನ ಸೇಲ್‌ವರೆಗೆ ಕಾಯಿರಿ. ಸಬ್‌ಟೈಟಲ್ ಅಕ್ಷರದ ಗಾತ್ರವನ್ನು ಶುರುವಿನಲ್ಲೇ ದೊಡ್ಡದು ಮಾಡಿಕೊಳ್ಳಿ, ಇಲ್ಲದಿದ್ದರೆ ಮಿಮಿರ್ ಹೇಳುವ ಅರ್ಧ ಕಥೆ ನೀರಿಗೆ ಹೋಗುತ್ತದೆ.